ಗಾನಯೋಗಿ ಪಂಚಾಕ್ಷರ ಗವಾಯಿಗಳು

ಪುಷ್ಯ ಬಹುಳ ಅಮಾವಾಸ್ಯೆ ಶ್ರೀ ಪುರಂದರದಾಸರ ಪುಣ್ಯದಿನ. ಅಂದು ದೇವರ ಸನ್ನಿಧಿಯಲ್ಲಿ ದಾಸರ ಪದಗಳ ಗಾಯನಸೇವೆ ನಡೆಯುವಾಗ, ತಂಬೂರಿಯ ಶ್ರುತಿ ಕೂಡುತ್ತಲೇ ಕಣ್ಣು ಮುಚ್ಚಿ ಆಲಿಸುವುದು ನಮ್ಮೆಲ್ಲರ ರೂಢಿ. ಮಂಗಳಾರತಿಯ ಹೊತ್ತಿಗೆ ಆ ಕಣ್ಣುಗಳನ್ನು ತೆರೆದು ಸ್ವಾಮಿಯ ದರ್ಶನ ಪಡೆಯುತ್ತೇವೆ. ಹಾಗೆ ತೆರೆದು ನೋಡುವ ಭಾಗ್ಯವಿಲ್ಲದೆಯೂ ಬಾಳೆಲ್ಲವನ್ನು ನಾದಸೇವೆಗೆ ಮೀಸಲಿಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸ್ಮರಿಸಬಯಸುತ್ತೇವೆ. ಅವರೇ ಗದುಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ವೀರಶೈವ ಪರಂಪರೆಯವರು. ಆದರೂ ಸದ್ಗುಣವು ಎಲ್ಲಿದ್ದರೂ ಸ್ಮರಣೀಯವೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ಮರ್ಯಾದೆ. ನಮ್ಮ ಹಳೇ ಹುಬ್ಬಳ್ಳಿಯಿಂದ ಗದಗು ಸುಮಾರು 60 ಕಿ.ಮೀ. ದೂರದಲ್ಲಿದ್ದು, ಅವರ ನೆನಪು ನಮಗೆ ಪರಕೀಯವಲ್ಲ.

ಗವಾಯಿಗಳು 1892ರ ಫೆಬ್ರವರಿ 2ರಂದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು ಇಂದು ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಹುಟ್ಟಿನಿಂದಲೇ ಆ ಮಗುವಿಗೆ ದೃಷ್ಟಿಯಿರಲಿಲ್ಲ. ಸಹೋದರ ಗುರುಬಸಯ್ಯನಿಗೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಹೆತ್ತವರ ಕರುಳು ಎಷ್ಟು ಬೆಂದಿರಬೇಕೆಂಬುದನ್ನು ಮಕ್ಕಳುಳ್ಳ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆ ಕಾಲದಲ್ಲಿ ಕಣ್ಣಿಲ್ಲದ ಬಡ ಹುಡುಗನ ಮುಂದಿದ್ದ ದಾರಿ ಬಹುತೇಕ ಭಿಕ್ಷೆಯೊಂದೇ ಆಗಿತ್ತು. ಆದರೆ ಭಗವಂತನು ಈ ಸೋದರರಿಗೆ ಇಂಪಾದ ಕಂಠವನ್ನು ಕರುಣಿಸಿದ್ದನು.

ಆ ಕಂಠದ ಯೋಗ್ಯತೆಯನ್ನು ಗುರುತಿಸಿದವರು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು. ಅವರು ಬಾಲಕರಿಗೆ ಆಶ್ರಯವಿತ್ತು, ಸಂಗೀತಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಕೇವಲ ಮರುಕದಿಂದ ಅನ್ನವಿಕ್ಕಿದ್ದರೆ ಆ ಮಕ್ಕಳ ಹಸಿವು ಹಿಂಗುತ್ತಿತ್ತು. ವಿದ್ಯೆಯನ್ನಿತ್ತುದರಿಂದ ನಾಡಿಗೊಬ್ಬ ಆಚಾರ್ಯ ದೊರೆತನು. ಗದಿಗೆಯ್ಯನವರು ಮೈಸೂರಿಗೆ ತೆರಳಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಸಾಧಿಸಿದರು. ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಇವರನ್ನು ಜನರು ಉಭಯಗಾನ ವಿಶಾರದರೆಂದು ಕರೆದು ಗೌರವಿಸಿದರು. ಪಂಚಾಕ್ಷರ ಗವಾಯಿಗಳೆಂಬ ಹೆಸರೇ ಮುಂದೆ ನಿಂತಿತು.

ಪುಸ್ತಕ ನೋಡದೆ ಇಷ್ಟು ವಿದ್ಯೆ ಸಾಧ್ಯವಾದುದು ಹೇಗೆಂದು ಕೆಲವರು ಬೆರಗಾಗಬಹುದು. ವೇದಕ್ಕೆ ಶ್ರುತಿಯೆಂಬ ಹೆಸರು ಏಕೆ ಬಂದಿತೆಂಬುದನ್ನು ಬಲ್ಲ ನಮಗೆ ಈ ಬೆರಗು ಬೇಡ. ಗುರುಮುಖದಿಂದ ಕೇಳಿ, ಧಾರಣೆ ಮಾಡಿ, ಮರಳಿ ಒಪ್ಪಿಸುವುದೇ ನಮ್ಮ ಸನಾತನ ಅಧ್ಯಯನಕ್ರಮ. ಸಂಗೀತವೂ ಅದೇ ದಾರಿಯ ವಿದ್ಯೆ. ಸ್ವರದ ಸೂಕ್ಷ್ಮವನ್ನು ಅಳೆಯುವುದು ಕಿವಿ. ತಂತಿಯ ಸ್ಥಾನವನ್ನೂ ತಬಲೆಯ ಪೆಟ್ಟನ್ನೂ ಅರಿಯುವುದು ಬೆರಳು. ಕಣ್ಣಿನ ಆಸರೆಯಿಲ್ಲದವನ ಕಿವಿ ಮತ್ತು ನೆನಪು ಅಭ್ಯಾಸಬಲದಿಂದ ಇನ್ನಷ್ಟು ಹರಿತವಾಗುತ್ತವೆ.

ಇಷ್ಟು ಸಾಧಿಸಿದ ಮೇಲೆ ಗವಾಯಿಗಳು ಕಚೇರಿಗಳನ್ನು ನಡೆಸುತ್ತ ಕೀರ್ತಿಸಂಪತ್ತುಗಳನ್ನು ಗಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬ್ರಹ್ಮಚರ್ಯವನ್ನು ಕೈಕೊಂಡು, ತಮ್ಮಂತೆಯೇ ದೃಷ್ಟಿಹೀನರಾದ ಮತ್ತು ಅನಾಥರಾದ ಬಾಲಕರನ್ನು ಜಾತಿಭೇದವೆಣಿಸದೆ ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಅವರ ಪಾಠಶಾಲೆ ಬಹುಕಾಲ ಊರೂರು ತಿರುಗುವ ಸಂಚಾರಿ ಶಾಲೆಯಾಗಿತ್ತು. ಶಿಷ್ಯರ ಊಟ ವಸತಿಗಳ ಭಾರವೆಲ್ಲ ಗುರುಗಳ ಮೇಲೆಯೇ. ನಾಳಿನ ಊಟಕ್ಕೆ ಏನೆಂಬ ಚಿಂತೆಯ ನಡುವೆಯೂ ಇಂದಿನ ಪಾಠ ನಿಲ್ಲಬಾರದಲ್ಲವೇ? ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಈ ಸಂಸಾರಕ್ಕೆ ನೆಲೆ ದೊರೆಯಿತು. ಅದೇ ಇಂದು ಪ್ರಸಿದ್ಧವಾದ ವೀರೇಶ್ವರ ಪುಣ್ಯಾಶ್ರಮ.

ಗವಾಯಿಗಳ ಮನೋಧರ್ಮವನ್ನು ತಿಳಿಯಲು ಒಂದು ಪ್ರಸಂಗ ಸಾಕು. ನಮ್ಮ ಹುಬ್ಬಳ್ಳಿಗೆ ಸಮೀಪದ ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಎಂಬ ಬಾಲಕನು ಅವರ ಶಿಷ್ಯನಾದನು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ಈ ತರುಣ ಶಿಷ್ಯನು ಹಾಡಲು ಕುಳಿತಾಗ, ಪಕ್ಕದಲ್ಲಿ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು! ತಾವು ಮುಖ್ಯಾಸನದಲ್ಲಿ ಹಾಡಬಹುದಾಗಿದ್ದ ಸಭೆಯಲ್ಲಿ ಶಿಷ್ಯನ ತಾಳಕ್ಕೆ ಕೈಗೊಟ್ಟ ಆ ಗುರುವಾತ್ಸಲ್ಯವನ್ನು ಏನೆಂದು ಬಣ್ಣಿಸೋಣ! ಆ ಶಿಷ್ಯನೇ ಮುಂದೆ ಧಾರವಾಡದ ಪಂಡಿತ ರಾಜಗುರುಗಳೆಂದು ದೇಶವಿಖ್ಯಾತನಾದನು.

ಮತ್ತೊಬ್ಬ ಶಿಷ್ಯರು ಪುಟ್ಟರಾಜ ಗವಾಯಿಗಳು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಇವರನ್ನು ಸೋದರಮಾವನು ತಂದು ಗುರುಗಳಿಗೆ ಒಪ್ಪಿಸಿದನು. 1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳು ದೇಹತ್ಯಾಗ ಮಾಡಿದಾಗ ಅವರಿಗೆ 52 ವರ್ಷ. ಆಶ್ರಮದ ಭಾರ 30 ವರ್ಷದ ಪುಟ್ಟರಾಜರ ಹೆಗಲಿಗೆ ಬಂದಿತು. 2010ರಲ್ಲಿ ತಾವು ದೈವಾಧೀನರಾಗುವವರೆಗೆ ಅವರು ಆ ಭಾರವನ್ನು ಹೊತ್ತರು. ಅನೇಕ ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ ಹಾಗೂ ಹಿಂದೀ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. ಕೈಹಿಡಿದು ಕರೆತರಲ್ಪಟ್ಟ ಬಾಲಕನೇ ಅಸಂಖ್ಯ ಮಕ್ಕಳ ಕೈಹಿಡಿದು ನಡೆಸಿದನು. ಗುರುಗಳ ನಿಜವಾದ ಕೃತಿ ಇದೇ ಎಂದು ನಾವು ಭಾವಿಸುತ್ತೇವೆ.

ನಮ್ಮ ಸಿದ್ಧಾಂತದಲ್ಲಿ ಬಾಹ್ಯೇಂದ್ರಿಯಗಳಿಗಿಂತ ಬೇರೆಯಾಗಿ ಸಾಕ್ಷಿಯೆಂಬ ಸ್ವರೂಪೇಂದ್ರಿಯವನ್ನು ಹೇಳಿದೆ. ದೇಹದ ಕಣ್ಣು ಕುಂದಿದರೆ ಜೀವನ ಯೋಗ್ಯತೆ ಕುಂದುವುದಿಲ್ಲ. ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಮನೆಯಲ್ಲಿ ಹೇಗೆ ನಡೆಯುತ್ತೇವೆಂಬುದನ್ನು ವಿಚಾರಿಸಿಕೊಳ್ಳಬೇಕು. ಕಣ್ಣು ಮಂಜಾಗಿ ಹರಿಕಥಾಮೃತಸಾರದ ಪುಸ್ತಕವನ್ನು ಬದಿಗಿಟ್ಟ ಅಜ್ಜಿಯೋ ಅಜ್ಜನೋ ನಮ್ಮಲ್ಲಿ ಹಲವರ ಮನೆಗಳಲ್ಲಿ ಇದ್ದಾರೆ. ಅವರನ್ನು ಮೂಲೆಯಲ್ಲಿ ಕುಳ್ಳಿರಿಸಿ ಹೊತ್ತಿಗೆ ಸರಿಯಾಗಿ ಊಟವಿಕ್ಕಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುತ್ತೇವೆ. ಅವರ ಕಂಠದಲ್ಲಿ ಎಷ್ಟು ಸಂಧಿಗಳು, ಎಷ್ಟು ದೇವರನಾಮಗಳು ಅಡಗಿವೆಯೋ! ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಕ್ಕಳನ್ನು ಅವರೆದುರು ಕೂಡಿಸಿ, ದಿನಕ್ಕೊಂದು ನುಡಿಯನ್ನಾದರೂ ಹೇಳಿಸಿಕೊಳ್ಳುವಂತೆ ಮಾಡೋಣ. ಮಕ್ಕಳಿಗೆ ವಿದ್ಯೆ ಬರುವುದು. ಹಿರಿಯರಿಗೆ ತಾವು ಇನ್ನೂ ಬೇಕಾದವರೆಂಬ ಸಮಾಧಾನ ದೊರೆಯುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥