ಗುಲಬರ್ಗಾಕ್ಕೂ ಬಂದ ಪಂಡಿತಾ ರಮಾಬಾಯಿ

ತಾಂಡೂರಿನ ಹಿರಿಯರಿಗೆ ನೆನಪಿದೆ, 1956ರವರೆಗೆ ನಮ್ಮದು ಗುಲಬರ್ಗಾ ಜಿಲ್ಲೆ. ಜಹೀರಾಬಾದ್, ನಾರಾಯಣಖೇಡದವರದು ಬೀದರ. ಆ ಗುಲಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, 1910ರ ದಶಕದಲ್ಲಿ ಶಾಲೆ ತೆರೆದವರು ಪಂಡಿತಾ ರಮಾಬಾಯಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದು ಜನರಿಗೆ ಹಿಡಿಸಲಿಲ್ಲ, ಅವರು ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಆ ತಾಯಿಯೇ ಮಗಳಿಗೆ ಗುರು. ಮುಂದೆ ಕುಟುಂಬವೆಲ್ಲ ಪುರಾಣ ಓದುತ್ತ ಊರೂರು ನಡೆಯಿತು. 1874ರ ಸುಮಾರಿಗೆ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅಣ್ಣನ ಜೊತೆ ನಡೆಯುತ್ತಲೇ 1878ರಲ್ಲಿ ಕಲ್ಕತ್ತಾ ಸೇರಿದರು. ಹೆಣ್ಣುಮಕ್ಕಳ ಕಷ್ಟವನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ, ದಾರಿಯಲ್ಲಿ ಕಂಡವರು. ಕಲ್ಕತ್ತಾದ ವಿದ್ವಾಂಸರು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

1880ರಲ್ಲಿ ಬಂಗಾಳದ ವಕೀಲರೊಂದಿಗೆ ಮದುವೆಯಾಯಿತು. 1882ರಲ್ಲಿ ಗಂಡ ತೀರಿಕೊಂಡಾಗ ಮಡಿಲಲ್ಲಿ ಹಸುಗೂಸು ಮನೋರಮಾ. ಅದೇ ವರ್ಷ ಪುಣೆಯಲ್ಲಿ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಡಾಕ್ಟರಮ್ಮಂದಿರೂ ಬೇಕೆಂದು ವಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದರು, ಅಲ್ಲಿ ಕ್ರೈಸ್ತರಾದರು. 1886ರಿಂದ ಅಮೆರಿಕ ಸುತ್ತಿ, ಅಲ್ಲಿನ ಹೆಂಗಸರ ಓದು, ಸಂಘಟನೆ ನೋಡಿ ಮರಾಠಿಯಲ್ಲಿ ಪ್ರವಾಸ ಪುಸ್ತಕ ಬರೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮತಾಂತರದ ಗದ್ದಲವೆದ್ದು ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಜಗಳ ಇಂದಿಗೂ ಮುಗಿದಿಲ್ಲ. ಆದರೆ 1896-97ರ ಬರದಲ್ಲಿ ಅನ್ನವಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದ್ದನ್ನು ಯಾರು ತಳ್ಳಿಹಾಕುತ್ತಾರೆ? ಅವರಿಗೆ ಪುಣೆ ಬಳಿಯ ಕೇಡಗಾಂವ್ ಆಶ್ರಯವಾಯಿತು.

ಗುಲಬರ್ಗಾದ ಶಾಲೆ ನಡೆಸಿದ್ದು ಮಗಳು ಮನೋರಮಾ. 1921ರಲ್ಲಿ ಮಗಳು ಹೋದಳು, ಮರುವರ್ಷ ಏಪ್ರಿಲ್ 5ರಂದು ತಾಯಿ.