ಜೋಜಿಲಾ ಹತ್ತಿದ ಕ್ಯಾಡಿಲಾಕ್

ದುಬಾರೆ ಅಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ನೆನಪಾಗೋದು ಆನೆ, ಕಾವೇರಿ, ರಾಫ್ಟಿಂಗ್. ಅಲ್ಲಿಂದ ಸುಮಾರು ಒಂದು ಗಂಟೆ ದಾರಿಯಲ್ಲಿ, ಮಡಿಕೇರಿಯಲ್ಲಿ ‘ಸನ್ನಿಸೈಡ್’ ಅನ್ನೋ ಮನೆ ಇದೆ. ಟ್ರಿಪ್ ಪ್ಲ್ಯಾನಿನಲ್ಲಿ ಅದು ಸೇರೋದು ಕಮ್ಮಿ. ಕೊಡಗಿನ ಎಸ್ಟೇಟುಗಳಲ್ಲಿ ಓಡಾಡೋ ಹಳೇ ಜೀಪುಗಳನ್ನು ನೋಡಿ ನಾವು ಬೆರಗಾಗ್ತೀವಿ: ಮೂಲ ಡಿಸೈನ್ ಅಮೆರಿಕದ ವಿಲ್ಲಿಸ್ ಕಂಪನಿಯದು, ಬಾನೆಟ್ ಎತ್ತಿದರೆ ಒಳಗೆ ಇನ್ಯಾವುದೋ ಡೀಸೆಲ್ ಇಂಜಿನ್. ಸನ್ನಿಸೈಡಿನಲ್ಲಿ ಬೆಳೆದ ಹುಡುಗ ಇದಕ್ಕಿಂತ ದೊಡ್ಡ ಅಮೆರಿಕನ್ ಗಾಡಿಗಳನ್ನ ಇದಕ್ಕಿಂತ ಬಹಳ ಎತ್ತರಕ್ಕೆ ಹತ್ತಿಸಿದ ಕಥೆ ಇದು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯ ಕಾಫಿ ಬೆಳೆಗಾರರ ಕುಟುಂಬದಲ್ಲಿ. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೈನ್ಯದ ಅಧಿಕಾರಿಯಾದರು. 1935ರಲ್ಲಿ ಮದುವೆ, ಅದೇ ವರ್ಷ ಕ್ವೆಟ್ಟಾದಲ್ಲಿ ಭೂಕಂಪ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಬ್ಬರೂ ಅವಶೇಷಗಳ ನಡುವೆ ಪರಿಹಾರ ಕೆಲಸಕ್ಕೆ ನಿಂತರು. ಮಹಾಯುದ್ಧದಲ್ಲಿ ಇವರು ಬ್ರಿಟಿಷ್ ಇಂಡಿಯಾದ ಪರ ಬರ್ಮಾದಲ್ಲಿ ಹೋರಾಡಿದರು. ಇವರ ಅಣ್ಣ ಪೊನ್ನಪ್ಪ ನೇತಾಜಿಯವರ ಐಎನ್‌ಎ ಸೇರಿದರು. ಒಂದೇ ಮನೆಯ ಇಬ್ಬರು, ಎದುರುಬದುರು ಸೈನ್ಯಗಳಲ್ಲಿ. ಇದರ ಬಗ್ಗೆಯೇ ಬೇರೆ ಲೇಖನ ಬರೀಬಹುದು. ಆದ್ರೆ ನಮ್ಮ ಕಣ್ಣು ಇರೋದು 1948ರ ಮೇಲೆ.

ಆ ವರ್ಷ ಮೇಜರ್ ಜನರಲ್ ತಿಮ್ಮಯ್ಯ ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್. ಶತ್ರುಗಳು ಕಾರ್ಗಿಲ್, ದ್ರಾಸ್, ಜೋಜಿಲಾ ಹಿಡಿದು ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿಯನ್ನೇ ಕತ್ತರಿಸಿದ್ದರು. ಲೇಹ್‌ನಲ್ಲಿ ಸೋನಂ ನೋರ್ಬು ಎಂಬ ಲಡಾಖಿ ಇಂಜಿನಿಯರ್ ಸ್ಥಳೀಯರನ್ನು ಕಟ್ಟಿಕೊಂಡು ಕೆಲವೇ ವಾರಗಳಲ್ಲಿ ಒಂದು ರನ್‌ವೇ ಮಾಡಿದ್ದರು. ಮೇ ತಿಂಗಳಲ್ಲಿ ಅಲ್ಲಿಗೆ ಇಳಿದ ಮೊದಲ ಡಕೋಟಾ ವಿಮಾನವನ್ನು ಹಾರಿಸಿದವರು ಮೆಹರ್ ಸಿಂಗ್, ಒಳಗೆ ಕೂತಿದ್ದವರು ತಿಮ್ಮಯ್ಯ. ಆದ್ರೆ ವಿಮಾನದಲ್ಲಿ ಎಷ್ಟು ಸಾಮಾನು ತಾನೇ ಸಾಗಿಸಕ್ಕಾಗುತ್ತೆ? ಹಿಮ ಬೀಳೋ ಮೊದಲು ರಸ್ತೆ ಬಿಡಿಸಿಕೊಳ್ಳದಿದ್ರೆ ಲೇಹ್ ಕೈತಪ್ಪುವ ಭಯ ಇತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಜೋಜಿಲಾ ಮೇಲೆ ನಡೆಸಿದ ದಾಳಿಗಳು ವಿಫಲವಾದವು. ಎರಡೂ ಕಡೆ ಬಂಡೆ, ಮೇಲೆ ಮೆಷಿನ್‌ಗನ್, ನಡುವೆ ಹೇಸರಗತ್ತೆ ನಡೆಯುವಷ್ಟು ದಾರಿ.

ತಿಮ್ಮಯ್ಯನವರು ಟ್ಯಾಂಕ್ ಹತ್ತಿಸೋಣ ಅಂತ ತೀರ್ಮಾನ ಮಾಡಿದರು. ಜೋಜಿಲಾದ ಎತ್ತರ ಸುಮಾರು 3,500 ಮೀಟರ್. ಅಷ್ಟು ಎತ್ತರದಲ್ಲಿ ಅಲ್ಲಿವರೆಗೆ ಯಾವ ದೇಶದವರೂ ಟ್ಯಾಂಕ್ ಯುದ್ಧ ಮಾಡಿರಲಿಲ್ಲ.

ಸಿಕ್ಕಿದ ಗಾಡಿಯ ಕಥೆ ನಮ್ಮಂಥವರಿಗೆ ಹಬ್ಬ. 7ನೇ ಲೈಟ್ ಕ್ಯಾವಲ್ರಿಯ ಹತ್ತಿರ ಇದ್ದದ್ದು ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕುಗಳು. ಮೊದಲಿನ ಸ್ಟುವರ್ಟ್‌ಗಳಿಗೆ ವಿಮಾನದ ರೇಡಿಯಲ್ ಇಂಜಿನ್ ಹಾಕ್ತಿದ್ರು. ಯುದ್ಧಕಾಲದಲ್ಲಿ ಆ ಇಂಜಿನ್‌ಗಳು ವಿಮಾನಗಳಿಗೇ ಬೇಕಾದವು. ಆಗ ಕ್ಯಾಡಿಲಾಕ್ ಕಾರಿನ ಎರಡು ವಿ8 ಪೆಟ್ರೋಲ್ ಇಂಜಿನ್‌ಗಳನ್ನು ಅಕ್ಕಪಕ್ಕ ಕೂರಿಸಿ, ಕಾರಿನದ್ದೇ ಹೈಡ್ರಾಮ್ಯಾಟಿಕ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಿದರು. ಅಂದ್ರೆ ಹುಟ್ಟುವಾಗಲೇ ಅದೊಂದು ಜುಗಾಡ್. ಸಾಹುಕಾರರ ಕಾರಿನ ಇಂಜಿನ್ 15 ಟನ್ ಉಕ್ಕನ್ನು ಎಳೀಬೇಕು. ಅಮೆರಿಕದಲ್ಲಿ ಇವುಗಳ ತಯಾರಿಕೆ 1944ರಲ್ಲೇ ನಿಂತಿತ್ತು, ನಮ್ಮವರಿಗೆ ಸಿಕ್ಕಿದ್ದು ಯುದ್ಧದಲ್ಲಿ ಉಳಿದ ಮಾಲು.

ನಾವು ಒಂದು ಚಿಕ್ಕ ಲೆಕ್ಕ ಹಾಕಿದೆವು. 3,500 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 70ರಷ್ಟು. ಟರ್ಬೋ ಇಲ್ಲದ ಕಾರ್ಬುರೇಟರ್ ಇಂಜಿನ್ ಒಳಗೆ ಎಳೆದುಕೊಳ್ಳೋ ಆಕ್ಸಿಜನ್ನೂ ಅಷ್ಟೇ. ಎರಡು ಇಂಜಿನ್ ಸೇರಿ 220 ಅಶ್ವಶಕ್ತಿ ಅಂತಿದ್ರೆ, ಮೇಲೆ ಕೈಗೆ ಸಿಗೋದು ಹೆಚ್ಚುಕಮ್ಮಿ 150. ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಹೊಗೆ ಉಗುಳುತ್ತೆ, ಚಳಿಗೆ ಆಯಿಲ್ ಗಟ್ಟಿಯಾಗುತ್ತೆ. ಕಾಗದದ ಮೇಲೆ ನೋಡಿದರೆ ಬೇಡಪ್ಪಾ ಅನ್ನೋ ಕೆಲಸ.

ಅದಕ್ಕಿಂತ ದೊಡ್ಡ ತೊಂದರೆ ಟ್ಯಾಂಕುಗಳು ಇದ್ದ ಜಾಗ. ಅವು ಜಮ್ಮು ಕಡೆ ಅಖ್ನೂರಿನಲ್ಲಿ. ನಡುವೆ ಬಾನಿಹಾಲ್ ಕಣಿವೆ, ಲಘು ವಾಹನಗಳಿಗೆ ಅಂತ ಕಟ್ಟಿದ ಸೇತುವೆಗಳು. ಟ್ಯಾಂಕಿನ ಮೇಲಿನ ಟರೆಟ್ ಬಿಚ್ಚಿ ಬೇರೆಯಾಗಿ ಸಾಗಿಸಿದರು, ಸೇತುವೆಗಳ ಮೇಲೆ ವಿಂಚ್ ಹಾಕಿ ಎಳೆದರು. ಬರ್ತಿರೋದು ಟ್ಯಾಂಕ್ ಅಂತ ಯಾರಿಗೂ ಗೊತ್ತಾಗಬಾರದಿತ್ತು. ಆ ಕಡೆ ಬಾಲ್ತಾಲ್‌ನಿಂದ ಮೇಲಕ್ಕೆ, ಮೇಜರ್ ತಂಗರಾಜು ಮತ್ತು ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿಗಳು ಹೇಸರಗತ್ತೆ ದಾರಿಯನ್ನು ಜೀಪ್ ಹೋಗುವಷ್ಟು ಅಗಲ ಮಾಡಿದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ದಿನಾ ಬಸ್ಸಿನಲ್ಲಿ ಹೋಗೋವಾಗ ಕಾಣೋದು ಇದೇ ಮದ್ರಾಸ್ ಸ್ಯಾಪರ್ಸ್ ಕೇಂದ್ರ. ಕಥೆ ಹೇಳುವಾಗ ಜನರಲ್ ಹೆಸರು ಉಳಿಯುತ್ತೆ, ಬೋಲ್ಟ್ ಬಿಚ್ಚಿದವರ ಹೆಸರು ಉಳಿಯಲ್ಲ ಅನ್ನೋದು ನಮಗೆ ಬೇಜಾರು.

1948ರ ನವೆಂಬರ್ 1. ಹಿಮ, ಮಂಜು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಜೋಜಿಲಾ ಹತ್ತಿದವು. ಮುಂದಿನ ಟ್ಯಾಂಕುಗಳ ಜೊತೆ ಸ್ವತಃ ತಿಮ್ಮಯ್ಯ. ಡಿವಿಷನ್ ಕಮಾಂಡರ್ ಅಲ್ಲಿರಬೇಕಾಗಿರಲಿಲ್ಲ. ಆದ್ರೆ ಇಂಜಿನ್ ನಿಂತುಹೋದ್ರೆ ಸಿಕ್ಕಿಹಾಕಿಕೊಳ್ಳೋರು ತಾನು ಕಳಿಸಿದ ಹುಡುಗರು ಅಂತ ಗೊತ್ತಿದ್ದವರು ಬೇರೆ ಹೇಗೆ ಮಾಡ್ತಾರೆ ಅಂತ ನಮಗನ್ನಿಸುತ್ತೆ. ಇಂಜಿನ್‌ಗಳು ಎಳೆದವು. ಟ್ಯಾಂಕ್ ಬರುತ್ತೆ ಅಂತ ಕನಸಲ್ಲೂ ಎಣಿಸದ ಶತ್ರುಗಳು ಮತಾಯನ್ ಕಡೆ ಹಿಂದೆ ಸರಿದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿ, ಲೇಹ್ ದಾರಿ ತೆರೆಯಿತು.

ಮುಂದಿನದ್ದು ಬೇಗ ಹೇಳಿಬಿಡ್ತೀವಿ. ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ, 1954ರಲ್ಲಿ ಪದ್ಮಭೂಷಣ, 1957ರಲ್ಲಿ ಭೂಸೇನೆಯ ಮುಖ್ಯಸ್ಥ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಅದನ್ನು ವಾಪಸ್ ಪಡೆದರು. ವಾಪಸ್ ಪಡೆದದ್ದು ಸರಿಯೋ ತಪ್ಪೋ ಅಂತ ನಮ್ಮಲ್ಲೇ ಎರಡು ಗುಂಪು. 1961ರಲ್ಲಿ ನಿವೃತ್ತರಾದರು, ಮರುವರ್ಷವೇ ಚೀನಾ ಯುದ್ಧ ಬಂತು.

1964ರಲ್ಲಿ ಸೈಪ್ರಸ್‌ಗೆ, ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿ ಹೋದರು. ಅಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು, ಕೆಲಸದಲ್ಲಿ ಇರುವಾಗಲೇ. ಮರುವರ್ಷ ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ಸನ್ನಿಸೈಡ್ ಮನೆ ಬಹಳ ವರ್ಷ ಮಡಿಕೇರಿಯ ಆರ್‌ಟಿಒ ಆಫೀಸಾಗಿತ್ತು. ಲೈಸೆನ್ಸ್, ಎಫ್‌ಸಿ ಅಂತ ಜನ ಅಲ್ಲಿ ಕ್ಯೂ ನಿಲ್ತಿದ್ರು. 2021ರ ಫೆಬ್ರವರಿಯಿಂದ ಅದು ತಿಮ್ಮಯ್ಯನವರ ಮ್ಯೂಸಿಯಂ. ಮುಂದಿನ ಸಲ ದುಬಾರೆಯಿಂದ ಬಸ್ಸು ಮಡಿಕೇರಿ ಕಡೆ ತಿರುಗಿದ್ರೆ ಇಳಿದು ನೋಡಿ.