ತೆಳುಪೊರೆಯ ಬಣ್ಣವನ್ನು ಓದಿದವನು

ಭಾಷಾಶಾಸ್ತ್ರವನ್ನು ಬೋಧಿಸುವಾಗ ‘ಇಂಡೋ-ಯುರೋಪಿಯನ್’ ಎಂಬ ಹೆಸರನ್ನು ನಾನು ಅದೆಷ್ಟು ಸಲ ಉಚ್ಚರಿಸಿರುವೆನೋ! 1813ರಲ್ಲಿ ಆ ಹೆಸರನ್ನು ಮೊದಲು ಬಳಸಿದವನು ವೃತ್ತಿಯಿಂದ ಲಂಡನ್ನಿನ ವೈದ್ಯ. ಸಾಬೂನಿನ ಗುಳ್ಳೆಯ ಬಣ್ಣಗಳ ಒಗಟನ್ನು ಬಿಡಿಸಿದ ಥಾಮಸ್ ಯಂಗನೂ ಅವನೇ.

ಯಂಗನು 1773ರಲ್ಲಿ ಇಂಗ್ಲೆಂಡಿನ ಮಿಲ್ವರ್ಟನ್ನಿನಲ್ಲಿ, ಕ್ವೇಕರ್ ಪಂಥದ ಮನೆತನವೊಂದರ ಹತ್ತು ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದನು. ಎರಡು ವರ್ಷಕ್ಕೇ ಓದಬಲ್ಲವನಾಗಿದ್ದನು. ಎಡಿನ್‌ಬರೊ, ಗಾಟಿಂಗೆನ್, ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿದನು.

ಬೆಳಕು ಕಣಗಳ ಪ್ರವಾಹವೆಂಬ ನ್ಯೂಟನ್ನನ ಮತ ಆಗ ವೇದವಾಕ್ಯವಾಗಿತ್ತು. 1801ರಲ್ಲಿ ಯಂಗನು ರಾಯಲ್ ಸೊಸೈಟಿಯ ಮುಂದೆ ಬೇರೆಯೇ ವಾದವನ್ನು ಮಂಡಿಸಿದನು. ಬೆಳಕು ಅಲೆಯ ರೂಪದ್ದು. ತೆಳುಪೊರೆಯ ಮೇಲ್ಮೈಯಿಂದ ಒಂದು ಅಲೆ ಮರಳುತ್ತದೆ, ಕೆಳಮೈಯಿಂದ ಇನ್ನೊಂದು. ಉಬ್ಬಿಗೆ ಉಬ್ಬು ಕೂಡಿದರೆ ಆ ಬಣ್ಣ ಬೆಳಗುತ್ತದೆ. ಉಬ್ಬಿಗೆ ತಗ್ಗು ಎದುರಾದರೆ ಅಳಿಯುತ್ತದೆ. ಯಾವ ಬಣ್ಣ ಉಳಿಯಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಪೊರೆಯ ದಪ್ಪದ್ದೇ ಮುಖ್ಯ ಪಾತ್ರ. ನ್ಯೂಟನ್ ಅಳೆದಿಟ್ಟ ಅಂಕಿಗಳಿಂದಲೇ ಲೆಕ್ಕ ಹಾಕಿ, ಕೆಂಪು ಅಲೆಯ ಉದ್ದ ಅಂಗುಲದ ಸುಮಾರು 36,000ದಲ್ಲಿ ಒಂದು ಪಾಲು, ನೇರಿಳೆಯದು ಸುಮಾರು 60,000ದಲ್ಲಿ ಒಂದು ಪಾಲು ಎಂದು ತೋರಿಸಿದನು. ಹಿರಿಯನ ಅಳತೆಯನ್ನು ಗೌರವಿಸಿ ಹಿರಿಯನ ಮತವನ್ನು ತಿದ್ದಿದ ಬಗೆ ಇದು. ವಿದ್ಯೆಯ ವಿನಯಕ್ಕೂ ಧೈರ್ಯಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಸಂದ ಪ್ರತಿಫಲ ಮಾತ್ರ ಅಪಹಾಸ್ಯ. ಹೆನ್ರಿ ಬ್ರೂಮ್ ಎಂಬ ವಕೀಲನು ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯಲ್ಲಿ ಹೆಸರು ಮರೆಸಿಕೊಂಡು ಯಂಗನನ್ನು ಕಟುವಾಗಿ ಹಳಿದನು. ಅದಕ್ಕೆ ಉತ್ತರವಾಗಿ 1804ರಲ್ಲಿ ಯಂಗನು ಅಚ್ಚುಹಾಕಿಸಿದ ಕಿರುಹೊತ್ತಗೆಯ ಒಂದೇ ಪ್ರತಿ ಮಾರಾಟವಾಯಿತೆಂದು ಪ್ರತೀತಿ. ರೋಗಿಗಳ ವಿಶ್ವಾಸ ಎಲ್ಲಿ ತಪ್ಪೀತೋ ಎಂಬ ಅಳುಕಿನಿಂದ ವೈದ್ಯೇತರ ಬರಹಗಳನ್ನು ಹೆಸರಿಲ್ಲದೆ ಪ್ರಕಟಿಸುವ ಕಾಲವೂ ಬಂದಿತು. ಫ್ರಾನ್ಸಿನ ಎಂಜಿನಿಯರ್ ಫ್ರೆನೆಲ್ ಸ್ವತಂತ್ರವಾಗಿ ಅದೇ ದಾರಿ ಹಿಡಿದು, ಗಣಿತದ ಬಲದಿಂದ 1819ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಗಳಿಸಿದ ತರುವಾಯ ಅಲೆಯ ಮತಕ್ಕೆ ಮನ್ನಣೆ ದೊರೆಯತೊಡಗಿತು. ಅಷ್ಟರಲ್ಲಿ ಯಂಗನ ಮನಸ್ಸು ಈಜಿಪ್ಟಿನ ಲಿಪಿಗಳತ್ತ ಹೊರಳಿತ್ತು. 1829ರಲ್ಲಿ, 55ರ ವಯಸ್ಸಿನಲ್ಲಿ, ಈಜಿಪ್ಟಿನ ನಿಘಂಟೊಂದನ್ನು ಸಿದ್ಧಪಡಿಸುತ್ತಿರುವಾಗಲೇ ಆತ ತೀರಿಕೊಂಡನು.

ಇಂದಿನ ಅರೆವಾಹಕ ವಿಜ್ಞಾನ ಆತನ ಸೂತ್ರವನ್ನು ನಿತ್ಯವೂ ಬಳಸುತ್ತದೆ. ಸಿಲಿಕಾನ್ ಬಿಲ್ಲೆಯ ಮೇಲಿನ ಆಕ್ಸೈಡ್ ಪೊರೆ ಮಿಲಿಮೀಟರಿನ 10,000ದಲ್ಲಿ ಒಂದು ಪಾಲಿನಷ್ಟಿದ್ದರೆ ನೇರಿಳೆಯಾಗಿ, ತುಸು ದಪ್ಪವಾದರೆ ನೀಲಿಯಾಗಿ ತೋರುತ್ತದೆ. ಪಳಗಿದ ಕಣ್ಣು ಬಣ್ಣ ನೋಡಿಯೇ ದಪ್ಪ ಹೇಳುತ್ತದೆ. ಅಂಥ ಪೊರೆಯ ಮೇಲಿಟ್ಟಾಗ, ಮೂರೇ ಪರಮಾಣು ಪದರಗಳ ಮಾಲಿಬ್ಡಿನಮ್ ಡೈಸಲ್ಫೈಡ್ ಹಾಳೆಯೂ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಗೋಚರಿಸುತ್ತದೆ. ಒಂದೇ ಪ್ರತಿ ಮಾರಾಟವಾದ ಹೊತ್ತಗೆಯಲ್ಲಿ ಯಂಗನು ಸಮರ್ಥಿಸಿಕೊಂಡದ್ದು ಈ ಸತ್ಯವನ್ನೇ.